ರೇಟು ಯಾರೇ ಮಾತಾಡಲಿ

ನಮ್ಮ ದೊಡ್ಡಕ್ಕೋರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣ. ಸ್ಟಾಂಪ್ ಪ್ಯಾಡಿನ ಶಾಯಿ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಶಾಲೆಯ ಸೀಲನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಬುತ್ತಿ ಚೀಲದಲ್ಲಿ ಮನೆಗೆ ಒಯ್ದು, ಬೆಳಿಗ್ಗೆ ಅದರಲ್ಲೇ ತರುತ್ತಿದ್ದರು. ರೊಟ್ಟಿಗೆ ಶಾಯಿಯ ವಾಸನೆ ಹತ್ತುತ್ತದೆ ಎಂದು ನಾವು ಕಾಡಿಸಿದರೆ, "ಹತ್ಲಿ ಬಿಡವ್ವ, ನಾಲಿಗಿಗೆ ರೂಢಿ ಆಗೈತಿ" ಎನ್ನುತ್ತಿದ್ದರು.

ತಂಬ್ರಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಸರ್ಕಾರಿ ಪ್ರೌಢಶಾಲೆ ನಮ್ಮದು. ಅವರು ಮುಖ್ಯೋಪಾಧ್ಯಾಯಿನಿ, ತೆಲಿಗಿ ಕಡೆಯ ಕುರಿ ಸಾಕುವ ಮನೆತನದವರು. ನಾನು ಹೊಸದಾಗಿ ಬಂದ ಗಣಿತದ ಟೀಚರ್.

ಆ ವರ್ಷ ಶಾಲೆಗಳಿಗೆ ಕಂಪ್ಯೂಟರ್ ಮಂಜೂರಾದವು. ಯಾವ ಕಂಪನಿ, ಯಾವ ಮಾಡೆಲ್, ಏನು ದರ, ಎಲ್ಲವೂ ಬೆಂಗಳೂರಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ದರ ಒಪ್ಪಂದ ಎನ್ನುವುದು ಇದಕ್ಕೇ. ಪ್ರತಿ ಶಾಲೆಯೂ ಟೆಂಡರ್ ಕರೆಯುವ ಗೋಳು ತಪ್ಪುತ್ತದೆ, ಒಳ್ಳೆಯದೇ. ನಮಗೆ ಉಳಿಯುವುದು 'ಅಳವಡಿಸಲಾಗಿದೆ, ಚಾಲನೆಯಲ್ಲಿವೆ' ಎಂಬ ವರದಿಗೆ ಸಹಿ, ಸೀಲು. ಅದು ಬಿದ್ದರೆ ಕಂಪನಿಯ ಬಿಲ್ಲು ಪಾಸು. ಆದರೆ ರೂಢಿಯೇ ಬೇರೆ. ಡಬ್ಬಿ ಇಳಿಸಿದ ಕೂಡಲೇ ಸಹಿ, ಇಂಜಿನಿಯರು ಆಮೇಲೆ. ಆ 'ಆಮೇಲೆ' ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸುತ್ತಲಿನ ಎಷ್ಟೋ ಶಾಲೆಗಳಲ್ಲಿ ಹಿಂದಿನ ಸಲದ ಡಬ್ಬಿಗಳ ಮೇಲೆ ಪಾರಿವಾಳ ಗೂಡು ಕಟ್ಟಿದ್ದವು.

ಲಾರಿ ಬಂತು. ಕಂಪನಿಯವನು ಪೆನ್ನು ಚಾಚಿದ.

"ಇಲ್ಲೊಂದು ಸೈನ್ ಹಾಕ್ರಿ ಮೇಡಂ, ಗಾಡಿ ಹಿರೇಹಡಗಲಿಗೆ ಹೋಗ್ಬೇಕು."

"ಚಾಲೂ ಮಾಡಿ ತೋರಿಸ್ರಿ."

"ರೇಟ್ ಕಾಂಟ್ರ್ಯಾಕ್ಟ್ ಐತ್ರಿ ಇದು. ಮ್ಯಾಲೆ ಎಲ್ಲಾ ಮಾತಾಗೈತಿ."

"ಆಗ್ಲಿ. ನಮ್ಮಪ್ಪ ಸಂತ್ಯಾಗ ಕುರಿ ತಗಳ್ವಾಗ ಬಾಯಿ ತೆಗೆಸಿ ಹಲ್ಲು ನೋಡ್ತಿದ್ದ. ರೇಟು ಯಾರರ ಮಾತಾಡ್ಲಿ, ಹಲ್ಲು ನಾವು ನೋಡ್ಬೇಕು."

ಅವನು ಯಾರಿಗೋ ಫೋನ್ ಮಾಡಿದ. ಡಬ್ಬಿಗಳು ಮತ್ತೆ ಲಾರಿ ಹತ್ತಿದವು. ಮಕ್ಕಳು ಗೇಟಿನವರೆಗೆ ಹಿಂದೆ ಓಡಿದರು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಹಟಕ್ಕ ಹುಡುಗ್ರು ಯಾಕ್ರಿ ಕಳ್ಕೋಬೇಕು?" ಎಂದೆ.

"ಕಳ್ಕೊಳ್ಳಾಕ ಏನು ಬಂದಿತ್ತವ್ವ? ಸಹಿ ಬಿದ್ದ ಮ್ಯಾಲೆ ನಮ್ಮ ಫೋನು ಯಾರೂ ಎತ್ತಂಗಿಲ್ಲ."

ಊರಿನವರು ಬೈದರು. ಮೇಲಿನ ಕಚೇರಿಯಿಂದ ನೋಟೀಸ್ ಬಂತು: ಸರಬರಾಜಿಗೆ ಅಡ್ಡಿಪಡಿಸಿದ್ದೇಕೆ? ಅವರ ನಿವೃತ್ತಿ ಹತ್ತಿರವಿತ್ತು, ಪಿಂಚಣಿ ಕಾಗದಗಳು ಅದೇ ಕಚೇರಿಯಿಂದಲೇ ಹೋಗಬೇಕಿತ್ತು. ಬಗ್ಗಿಬಿಡಿ ಎಂದು ನಾವೆಲ್ಲ ಹೇಳಿದೆವು. ಅವರು ಉತ್ತರ ಬರೆದರು: ಒಪ್ಪಂದದ ಪ್ರತಿ ಕಳಿಸಿ, ಚಾಲೂ ಮಾಡುವ ಮೊದಲೇ ಸಹಿ ಹಾಕಬೇಕೆಂದು ಅದರಲ್ಲಿದ್ದರೆ ಈಗಲೇ ಹಾಕುತ್ತೇನೆ. ಪ್ರತಿ ಬರಲಿಲ್ಲ. ಅದರಲ್ಲಿ ಹಾಗಿದ್ದರೆ ತಾನೆ ಬರುವುದು! ಶಾಲೆಗೇ ಬಂದು ಅಳವಡಿಸಿ ಕೊಡುವುದೂ ಆ ದರದಲ್ಲೇ ಸೇರಿತ್ತೆಂದು ಆಮೇಲೆ ತಿಳಿಯಿತು.

ಸಹಿಯಿಲ್ಲದೆ ಬಿಲ್ಲು ನಿಂತಿದ್ದರಿಂದ ಕೊನೆಗೆ ಅದೇ ಲಾರಿ ಇಂಜಿನಿಯರನ್ನು ಹೊತ್ತುಕೊಂಡು ಬಂತು. ದೊಡ್ಡಕ್ಕೋರು ಒಂದೊಂದೇ ಕಂಪ್ಯೂಟರ್ ಚಾಲೂ ಮಾಡಿಸಿ, ಪ್ರತಿಯೊಂದರಲ್ಲೂ ಒಂದು ಮಗುವಿನ ಕೈಯಿಂದ ಹೆಸರು ಬರೆಯಿಸಿದರು. ಮೂಲೆಯಲ್ಲಿದ್ದ ಒಂದು ಮಾತ್ರ ಏಳಲಿಲ್ಲ. ಅದನ್ನು ವಾಪಸು ಹೊರಿಸಿ, ಉಳಿದವುಗಳ ವರದಿಗೆ ಮೇಜು ಅದುರುವಂತೆ ಸೀಲು ಗುದ್ದಿದರು.

ನೋಟೀಸನ್ನು ಯಾರೂ ಹಿಂಪಡೆಯಲಿಲ್ಲ. ಬೀಳ್ಕೊಡುಗೆಗೆ ಕಚೇರಿಯಿಂದ ಒಬ್ಬರೂ ಬರಲಿಲ್ಲ. ಅದರಿಂದ ಅವರಿಗೆ ನೋವಾಗಿತ್ತು, ನನಗೆ ಗೊತ್ತು. ಸೀಲನ್ನು ನನ್ನ ಕೈಗಿಟ್ಟು, "ಬುತ್ತಿ ಚೀಲ ದೊಡ್ಡದು ತಗ" ಎಂದಷ್ಟೇ ಹೇಳಿ ಹೋದರು. ಹೋದ ವರ್ಷ ತೀರಿಕೊಂಡರು.

ಈಗ ಶಾಲೆ ನನ್ನ ಪ್ರಭಾರದಲ್ಲಿದೆ. ಈಚೆಗೆ ಸ್ಮಾರ್ಟ್ ಬೋರ್ಡ್ ಬಂದವು, ಅದೇ ಬಗೆಯ ಒಪ್ಪಂದ, ಅದೇ ಕಂಪನಿ. ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದೆ. ವ್ಯಾನಿನಿಂದ ಹೊಸ ಹುಡುಗನೊಬ್ಬ ಇಳಿದ, ಅವನ ಹಿಂದೆ ಟೂಲ್ ಬ್ಯಾಗ್ ಹಿಡಿದ ಇನ್ನೊಬ್ಬ.

"ಇವರ್ಯಾರು?" ಎಂದೆ.

"ಇಂಜಿನಿಯರ್ ಅದಾರ್ರಿ. ಈ ಶಾಲಿಗೆ ಇವರನ್ನ ಬಿಟ್ಟು ಹೋಗಬ್ಯಾಡ, ಅಲ್ಲೊಬ್ರು ಅಕ್ಕೋರು ಅದಾರ, ಚಾಲೂ ಆಗೋತನಕ ಸಹಿ ಹಾಕಂಗಿಲ್ಲ ಅಂತ ಕಂಪನ್ಯಾಗ ಹೇಳಿ ಕಳಿಸ್ಯಾರ್ರಿ."

"ಹೌದು, ಅದಾರ" ಎಂದೆ. "ಮೊದ್ಲು ಚಾಲೂ ಮಾಡ್ರಿ."