ಅತ್ತೆಯ ತುತ್ತು, ಗಿಳಿಯ ಗಂಟಲು

ನನ್ನ ಗಂಡನ ಹೆಬ್ಬೆರಳಿನ ಮೇಲೆ ನನ್ನ ಹಲ್ಲಿನ ಗುರುತಿತ್ತು. ಸಾಯುವ ತನಕ ಹೋಗಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಒಂದು ಚೂರೂ ಬೇಜಾರಿಲ್ಲ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಬಾಣಂತನ ಮುಗಿಸಿ ಸಂತಪುರದ ತವರಿನಿಂದ ಭಾಲ್ಕಿಯ ಗಂಡನ ಮನೆಗೆ ಬರುವಾಗ ಕೂಸಿನ ಜೊತೆ ನಾನೊಂದು ಗಿಳಿ ತಂದಿದ್ದೆ. ನೋಡನೋಡುತ್ತ ಅದು ಅತ್ತೆಯದಾಯಿತು. ಜೋಳದ ರೊಟ್ಟಿಗೆ ಬೆಲ್ಲ ಸೇರಿಸಿ ತಾವೇ ನುಣ್ಣಗೆ ಅಗಿದು ತುಟಿಯ ಮೇಲಿಟ್ಟು ಕೊಡುತ್ತಿದ್ದರು. ಗಿಳಿ ಅಲ್ಲಿಂದಲೇ ಕೊಕ್ಕಿನಲ್ಲಿ ಎತ್ತಿಕೊಳ್ಳುತ್ತಿತ್ತು. ತಮ್ಮ ಮಕ್ಕಳನ್ನೆಲ್ಲ ಹೀಗೇ ಬೆಳೆಸಿದವರಿಗೆ ಬೇಡ ಅನ್ನುವವರು ಯಾರು?

ಗಿಳಿ ತಿನ್ನುವುದು ಬಿಟ್ಟಿತು. ತಲೆ ಒದರಿ ಒದರಿ ಕಕ್ಕತೊಡಗಿತು. ಕುತ್ತಿಗೆಯ ಬುಡದಲ್ಲಿ ತಿಂದದ್ದು ಕೂಡುವ ಚೀಲ ಉಬ್ಬಿತ್ತು. ಬಾಯಿಂದ ಹಳಸಿದ ಅಂಬಲಿಯ ವಾಸನೆ, ನಾಲಿಗೆಯ ಮೇಲೆ ಕೆನೆಯಂಥ ಬಿಳಿ ಪದರ. ಒಂದು ಮುಂಜಾನೆ ನಮ್ಮ ಕೂಸಿನ ಮೈಮೇಲೇ ಕಕ್ಕಿತು. ಗಂಡ ಪಂಜರಕ್ಕೆ ಕೈಹಾಕಿ ಅದನ್ನು ಹಿಡಿದೆಳೆದ.

"ಈ ರೋಗ ಕೂಸಿಗಿ ಹತ್ತತದ. ಗೋಣ ಮುರ್ದು ಒಗೀತೀನಿ!"

ನಾನು ಅವನ ಹೆಬ್ಬೆರಳಿಗೆ ಬಾಯಿ ಹಾಕಿದೆ. ರಕ್ತ ಬಂದರೂ ಬಿಡಲಿಲ್ಲ. ಅವನ ಇನ್ನೊಂದು ಕೈ ಕಪಾಳಕ್ಕೆ ಬಿತ್ತು, ಕಿವಿ ಗುಂಯ್ ಅಂತು. ಅತ್ತೆ ಊದುಗೊಳವೆ ತಂದು ಮಗನ ಬೆನ್ನಿಗೆ ಬಾರಿಸಿದರು. ಆಗ ಗಿಳಿಯನ್ನು ಬಿಟ್ಟ.

ಅತ್ತೆ ಗಿಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಇಬ್ಬರೂ ರೈಲು ಹತ್ತಿ ಬೀದರಿನ ದನದ ದವಾಖಾನೆಗೆ ಹೋದೆವು. ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರು ನನ್ನ ಊದಿದ ಕೆನ್ನೆ ನೋಡಿದರು. ಗಿಳಿಯ ಬಾಯಿ ತೆರೆದರು.

"ಹಿಟ್ಟು ಹುಳಿ ಬರಿಸುತ್ತಲ್ಲ, ಆ ಜಾತಿಯ ಬೂಷ್ಟು ಇದು. ತಿಂದದ್ದು ಚೀಲದಲ್ಲೇ ಕೊಳೀತಿದೆ. ಯಾರಾದರೂ ಅಗಿದು ತಿನ್ನಿಸ್ತೀರಾ?"

"ನಾನೇ ರೀ. ಯಾಕ, ನನ್ನ ಎಂಜಲ ವಿಷ ಅದ ಏನ್ರಿ?" ಅತ್ತೆ ಎದ್ದೇ ನಿಂತರು.

"ನಮ್ಮ ಬಾಯಲ್ಲಿರೋದು ನಮಗೇನೂ ಮಾಡಲ್ಲ ತಾಯಿ. ಇದನ್ನ ಕೊಲ್ಲುತ್ತೆ."

ಬಾಯೊಳಗೆ ಹಚ್ಚಲು ನೇರಳೆ ಔಷಧಿ ಕೊಟ್ಟರು. ಬೆಲ್ಲ, ಅಗಿದ ತುತ್ತು ಎರಡೂ ಬಂದ್. ಆಗಲೇ ಕಾಸಿದ ತೆಳ್ಳನೆ ಗಂಜಿಯನ್ನು ಸ್ವಲ್ಪಸ್ವಲ್ಪವೇ ಕೊಡಬೇಕು, ಉಳಿದದ್ದು ಚೆಲ್ಲಬೇಕು, ಬಟ್ಟಲನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕು. ಅತ್ತೆ ದಾರಿಯುದ್ದಕ್ಕೂ ಅಂಗೈಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು.

ಔಷಧಿ ಹಚ್ಚುವಾಗೆಲ್ಲ ಗಿಳಿ ನನ್ನ ಬೆರಳು ಹರಿಯುತ್ತಿತ್ತು. ನಾನೂ ಬೈಯುತ್ತ ಹಚ್ಚುತ್ತಿದ್ದೆ. ಕಡೆಗೆ ಚೀಲ ಇಳಿಯಿತು, ಹಸಿವು ಬಂತು. ಬಂದ ಕೂಡಲೇ ಅತ್ತೆಯ ಹೆಗಲೇರಿ ತುಟಿಗೆ ಕೊಕ್ಕು ಹಾಕಿತು. ಅತ್ತೆ ಬಾಯಿ ಬಿಗಿದರು. ಗಿಳಿ ಕುಕ್ಕಿತು, ಕಚ್ಚಿ ಎಳೆಯಿತು. ತುಟಿ ಸೀಳಿ ರಕ್ತ ಗದ್ದಕ್ಕಿಳಿಯಿತು. ನಾನು ಓಡಿಬಂದರೆ ಕೈಯಡ್ಡ ಮಾಡಿ ತಡೆದರು. ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.