ನಿಮ್ಮದರಾಗ ತೆರೀತದೇನು?

ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರು, ಬಂದವರಿಗೆ ಚಹಾ ಕೊಡುವ ಮೊದಲು ಕೈ ಚಾಚುತ್ತಿದ್ದರು. “ಮೊದಲ ಮೊಬೈಲ್ ಕೊಡ್ರಿ. ನಿಮ್ಮದರಾಗ ತೆರೀತದೇನು ನೋಡ್ತೀನಿ.”

ದಿನಾ ಬಸ್ಸಿನಲ್ಲಿ ದೇವದುರ್ಗದ ಶಾಲೆಗೆ ಹೋಗಿಬರುತ್ತಿದ್ದ ಅವರು, ಕೆಲವು ಗೆಳೆಯರ ಜೊತೆ ಸೇರಿ ಸುತ್ತಲಿನ ಊರುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಒಂದು ವಿಕಿ ಕಟ್ಟಿದ್ದರು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದಿತ್ತು. ಬರೆಯಲು ಗೆಳೆಯರು ಹೊಸ ಟೂಲ್ ತಂದಾಗಲೆಲ್ಲ ಟೀಚರು ಅದನ್ನು ಕಂಡವರ ಮೊಬೈಲಿನ ಬ್ರೌಸರಿನಲ್ಲಿ ತೆರೆದು ನೋಡುತ್ತಿದ್ದರು.

ನನ್ನ ತಂಗಿಯ ನಿಶ್ಚಯದ ದಿನವೂ ಬಿಡಲಿಲ್ಲ. ಮಾನ್ವಿಯಿಂದ ಬಂದಿದ್ದ ಬೀಗರ ನಡುವೆ ನುಗ್ಗಿ, ವರನ ಅಜ್ಜಿಯ ಹಳೆಯ ಮೊಬೈಲನ್ನೇ ಕೇಳಿ ಇಸಿದುಕೊಂಡರು. ನಮ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಸ ಟೂಲ್ ತೆರೆಯಲೇ ಇಲ್ಲ. ಪರದೆ ಬೆಳ್ಳಗೆ ನಿಂತುಬಿಟ್ಟಿತು.

“ನನ್ನ ಮೊಬೈಲ್ ಕೆಟ್ಟದೇನ್ ಯವ್ವಾ?” ಅಜ್ಜಿ ಕೇಳಿದರು.

“ಮೊಬೈಲ್ ಚಲೋ ಅದ. ಕೆಟ್ಟಿದ್ದು ನಮ್ಮ ಕೆಲಸ.”

ಗೆಳೆಯರೆಲ್ಲ ಹೊಸದನ್ನು ಮೆಚ್ಚಿ, ಹಳೆಯ ಟೂಲ್ ತೆಗೆದುಹಾಕಲು ಹೊರಟಿದ್ದರು. ಟೀಚರು ಅಲ್ಲೇ ನಿಂತು ಅವರಿಗೆ ಫೋನ್ ಹಚ್ಚಿದರು. “ಈ ಯವ್ವನ ಮೊಬೈಲ್‌ನ್ಯಾಗ ತೆರೆಯೂ ತನಕ ಹಳೇದು ತೆಗೆಯಂಗಿಲ್ಲ. ಬೇಕಾದರ ನನ್ನ ತೆಗೀರಿ.” ನಮ್ಮವ್ವ ಬೀಗರಿಗೆ ಚಹಾ ತರಲು ಒಳಗೆ ಓಡಿದಳು. ನನಗೋ, ಇವರು ನಮ್ಮ ಪಕ್ಕದ ಮನೆಯವರು ಎಂದು ಎದೆ ಉಬ್ಬಿತು.

ಗೆಳೆಯರು ಗೊಣಗುತ್ತಲೇ, ಅಜ್ಜಿಯ ಮೊಬೈಲಿನಲ್ಲೂ ತೆರೆಯುವಂತೆ ಹೊಸದನ್ನು ರಿಪೇರಿ ಮಾಡಿದರು.

ಮದುವೆಯ ದಿನ ನಮ್ಮವ್ವ ಎಲ್ಲರಿಗಿಂತ ಮೊದಲು ಅಜ್ಜಿಗೆ ಚಹಾ ಒಯ್ದಳು. ಅಜ್ಜಿ ಕಪ್ಪಿನ ಕಡೆ ನೋಡದೆ ಕೈ ಚಾಚಿದರು.

“ಚಾ ಆಮ್ಯಾಲ, ಯವ್ವಾ. ಮೊದಲ ಮೊಬೈಲ್ ಕೊಡು. ನನ್ನ ತವರು ಗಬ್ಬೂರಿನ ಬಗ್ಗೆ ನಾನ ಬರದೀನಿ. ನಿನ್ನದರಾಗ ತೆರೀತದೇನು ನೋಡ್ತೀನಿ.”