ದಫ್ತರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನನ್ನ ಬರಿಗಾಲು ನೋಡಿ ಸಂದರ್ಶನ ನಡೆಸಲು ಕುಳಿತಿದ್ದ ಮೂವರೂ ನಕ್ಕರು. ನಡುವಿನ ಕನ್ನಡಕದವರು, “ಕಾಕಾ, ಹೇ ಮಂದಿರ ಆಹೇ ಕಾ?” ಎಂದು ಮರಾಠಿಯಲ್ಲಿ ಕೇಳಿದರು: ಇದೇನು ಗುಡಿಯೇ? ಸೊಲ್ಲಾಪುರಕ್ಕೆ ಬಂದ ಐದನೆಯ ತಿಂಗಳಲ್ಲಿ ನನಗೆ ದೊರೆತ ಸ್ವಾಗತವಿದು. ಒಂದಕ್ಷರವನ್ನೂ ಮರೆತಿಲ್ಲ.

ಗುಡಿಯಲ್ಲ, ಸ್ವಾಮಿ. ನೆಲದ ಮೇಲೆ ರುಮಾಲುಗಳಿದ್ದವು. ಹಳೆಯ ಕಾಗದಗಳನ್ನು ಬಟ್ಟೆಯಲ್ಲಿ ಬಿಗಿದ ಗಂಟಿಗೆ ದಫ್ತರದಲ್ಲಿ ರುಮಾಲು ಎನ್ನುತ್ತಾರೆ. ವಿಜಯಪುರದ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ನಾವು ಅವನ್ನು ನೆಲದ ಮೇಲೆಯೇ ಬಿಚ್ಚಿ, ಸುತ್ತ ಕುಳಿತು ಓದುತ್ತಿದ್ದೆವು. ಜೀರ್ಣವಾದ ಹಾಳೆ ಹರಿಯಲು ಚಪ್ಪಲಿಗೆ ಅಂಟಿ ಬಂದ ಒಂದು ಹರಳು ಸಾಕು. ಆದ್ದರಿಂದ ಸಾಹೇಬರಾದರೂ ಹೊಸ್ತಿಲ ಹೊರಗೇ ಬಿಡಬೇಕಿತ್ತು.

ಮಗಳ ಮನೆಗೆ ಸಮೀಪವಾಗಲೆಂದು ಇಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಅಲ್ಲಿಯ ರೊಟ್ಟಿ ಇಲ್ಲಿ ಭಾಕರಿ. ಜೋಳ ಒಂದೇ, ನಾಲಿಗೆಗೆ ಕಷ್ಟವಾಗಲಿಲ್ಲ. ಆದರೆ ಅಲ್ಲಿ ರೆಕಾರ್ಡ್ ಕೀಪರ್ ಆಗಿದ್ದ ನಾನು ಇಲ್ಲಿ ಕೇವಲ ಯಾರದೋ ಮಾವ. ಅಕ್ಕಲಕೋಟ ಸೀಮೆಯ ಹಳೆಯ ಕನ್ನಡ ಜಮೀನು ಕಾಗದಗಳನ್ನು ಓದಿ ವಿಂಗಡಿಸುವವರು ಬೇಕೆಂದು ಒಂದು ಖಾಸಗಿ ಕಚೇರಿ ಜಾಹೀರಾತು ಕೊಟ್ಟಾಗ, ಈ ಊರಿನಲ್ಲಿ ನನಗೂ ಒಂದು ಕುರ್ಚಿಯಿದೆ ಎಂದುಕೊಂಡೆ. ಹೆಂಡತಿ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದಳು.

ಆ ಕುರ್ಚಿಯನ್ನು ತೋರಿಸುವ ಮೊದಲೇ ಪ್ರಶ್ನೆಗಳು ಶುರುವಾದವು. ಕಂಪ್ಯೂಟರ್ ಬರುವುದಿಲ್ಲ ಎಂದೆ. ಬಲಗಡೆಯವರು ಫೋನು ನೋಡತೊಡಗಿದರು. ನಾನು ಕೆಳಗೆ ಕುಳಿತು, ಕಂದಲಗಾಂವ ಎಂಬ ಊರಿನ ಚೀಟಿಯಿದ್ದ ರುಮಾಲು ಬಿಚ್ಚಿ, ಮೇಲಿನ ಕನ್ನಡ ಹಾಳೆಯನ್ನು ತಡವರಿಸದೆ ಓದಿದೆ. “ಇದು ಹನ್ನೂರಿನ ಹೊಲ. ತಪ್ಪು ಗಂಟಿನಾಗ ಕಟ್ಟೀರಿ,” ಎಂದೆ. ಆಗ ಯಾರೂ ನಗಲಿಲ್ಲ. ಗೆದ್ದೆನೆಂದುಕೊಂಡು ಮನೆಗೆ ಬಂದೆ.

ಕೆಲಸ ವಳಸಂಗದ ಯುವತಿಯೊಬ್ಬಳಿಗೆ ಸಿಕ್ಕಿತು. ಎಂಟನೆಯ ದಿನ ಕನ್ನಡಕದವರ ಫೋನು ಬಂತು. ಅಷ್ಟರಲ್ಲಿ ಅವರಿಗೆ ಕನ್ನಡವೂ ಬಂದಿತ್ತು.

“ಕಾಕಾ, ಸಿಟ್ಟಾಗಬ್ಯಾಡ್ರಿ. ಆ ಪೋರಿಗಿ ಕಂಪ್ಯೂಟರ ಬರ್ತದ, ಕನ್ನಡ ಓದಾಕ ಬರಂಗಿಲ್ಲ. ದಿನಾ ಎರಡ ತಾಸು ಬಂದು ಓದಿ ಹೇಳ್ರಿ.”

“ಅವತ್ತ ನನ್ನ ಕಾಲು ನೋಡಿ ನಕ್ಕಿದ್ರಿ. ಈಗ ಕಣ್ಣು ಬೇಕಾದವೇನು?”

“ಚ್ಯಾಷ್ಟಿ ಮಾಡಿದ್ವಿ ಕಾಕಾ, ಮರತ ಬಿಡ್ರಿ.”

“ನಾ ಮರಿಯಂಗಿಲ್ಲ. ಮೂರೂ ಮಂದಿ ಬಾಗಲದಾಗ ಚಪ್ಪಲಿ ಬಿಡ್ರಿ. ಆವಾಗ ಬರ್ತೀನಿ.”

ಬಿಟ್ಟರು. ಕ್ಷಮೆ ಮಾತ್ರ ಇಂದಿಗೂ ಕೇಳಿಲ್ಲ. ಕುರ್ಚಿ ಆ ಯುವತಿಯದು, ನನಗೆ ಸ್ಟೂಲು. “ಅಜ್ಜಾರ, ಮನ್ಯಾಗ ಕನ್ನಡಾನೇ ಮಾತಾಡ್ತೀವ್ರಿ. ಸಾಲಿ ಮರಾಠಿ ಆತು ನೋಡ್ರಿ,” ಎಂದು ಅವಳು ತಲೆ ತಗ್ಗಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಓದುವ ಕೆಲಸಕ್ಕೆ ಓದನ್ನೇ ಪರೀಕ್ಷಿಸದೆ ಆರಿಸಿದವರ ಮೇಲಿನ ಸಿಟ್ಟು ಇಳಿದಿಲ್ಲ.

ಕಳೆದ ವಾರ ಪಿಂಚಣಿಯ ಕೆಲಸಕ್ಕೆ ವಿಜಯಪುರಕ್ಕೆ ಹೋದವನು ನನ್ನ ಹಳೆಯ ಕೋಣೆಗೂ ಹೋದೆ. ಅಭ್ಯಾಸದಂತೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆ. ಹೊಸ ಗುಮಾಸ್ತ ಬೂಟುಗಾಲಿನಲ್ಲಿಯೇ ರುಮಾಲುಗಳ ನಡುವೆ ನಿಂತಿದ್ದ.

“ಯಾಕ್ರಿ ಅಜ್ಜಾರ,” ಎಂದು ನಕ್ಕ, “ಗುಡಿ ಅಂತ ತಿಳಿದ್ರೇನು?”

ಈ ಸಲ ಅದೇ ಪ್ರಶ್ನೆ ನನ್ನ ಕನ್ನಡದಲ್ಲೇ ಬಂದಿತ್ತು. ಸಂಜೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೊರಟೆ. ಮರುದಿನ ಹನ್ನೊಂದಕ್ಕೆ ಹನ್ನೂರಿನ ರುಮಾಲು ಬಿಚ್ಚುವುದಿತ್ತು.